ಬ್ರೌಸರ್ ಸ್ಕ್ರೀನ್ ರೆಕಾರ್ಡರ್ ಕೈಕೊಟ್ಟಾಗ: ದೋಷ ಎಲ್ಲಿದೆ ಅಂತ ಹುಡುಕುವ ಕೈಪಿಡಿ

ಕಲಬುರಗಿಯಲ್ಲಿ ಪಾಠ ರೆಕಾರ್ಡ್ ಮಾಡುವ ಉಪನ್ಯಾಸಕರು, ಯಾದಗಿರಿ ಕಡೆ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿಯವರು, ಬೀದರ್‌ನಲ್ಲಿ ಸಂಘದ ಲೆಕ್ಕ ನೋಡಿಕೊಳ್ಳುವವರು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. "ಚಿತ್ರ ಬಂದದ, ಆವಾಜ್ ಬಂದಿಲ್ರಿ." "ಅರ್ಧ ತಾಸು ಮಾತಾಡೀನಿ, ಫೈಲೇ ಸಿಗವಲ್ದು." "ಬರೀ ಕರೀ ಪರದೆ ಕಾಣ್ಲಿಕತ್ತದರಿ." ಇವರೆಲ್ಲ ಬಳಸುವುದು ಬ್ರೌಸರ್ ಒಳಗೇ ನಡೆಯುವ ಖಾಸಗಿ ರೆಕಾರ್ಡರ್. ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಖಾತೆ ತೆರೆಯಬೇಕಿಲ್ಲ, ವಿಡಿಯೊ ಯಾವ ಸರ್ವರ್‌ಗೂ ಹೋಗುವುದಿಲ್ಲ. ಪುಟ ತೆರೆದು ಬಟನ್ ಒತ್ತಿ, ಮುಗಿದ ಮೇಲೆ ಫೈಲ್ ಉಳಿಸಿಕೊಂಡರೆ ಆಯಿತು.

ತೊಂದರೆ ಶುರುವಾಗುವುದು ಅದು ಕೆಟ್ಟಾಗ. ನಾಳೆ ಬೆಳಿಗ್ಗೆ ಪಾಠ ಕಳಿಸಬೇಕು, ರೆಕಾರ್ಡರ್ ನಡೆಯುತ್ತಿಲ್ಲ. ಆಗ ಜನ ಹುಡುಕಿ, ಮೊದಲು ಸಿಕ್ಕ ಎಕ್ಸ್‌ಟೆನ್ಶನ್, ಅಂದರೆ ಬ್ರೌಸರ್‌ಗೆ ಸೇರಿಸುವ ಪುಟ್ಟ ತಂತ್ರಾಂಶ, ಹಾಕಿಕೊಳ್ಳುತ್ತಾರೆ. ಅದು ನೀವು ತೆರೆಯುವ ಎಲ್ಲ ವೆಬ್‌ಸೈಟ್‌ಗಳ ಮಾಹಿತಿ ಓದಲು, ಬದಲಿಸಲು ಅನುಮತಿ ಕೇಳುತ್ತದೆ. ಓದದೆ ಒಪ್ಪಿಬಿಡುತ್ತಾರೆ. ಖಾಸಗಿತನ ಹೋಗುವುದು ಇಂಥ ಗಾಬರಿಯ ಹೊತ್ತಿನಲ್ಲೇ. ಆ ಗಾಬರಿ ಬೇಕಿಲ್ಲ, ಯಾಕೆಂದರೆ ಈ ದೋಷಗಳಲ್ಲಿ ಬಹುಪಾಲು ಗುರುತು ಹಿಡಿಯಬಹುದಾದವು, ಇದ್ದ ಕಂಪ್ಯೂಟರ್‌ನಲ್ಲೇ ಸರಿಯಾಗುವಂಥವು.

ರೆಕಾರ್ಡಿಂಗ್ ಅಂದರೆ ನಾಲ್ಕು ಕೆಲಸ. ಮೊದಲು ಅನುಮತಿ ಸಿಗಬೇಕು. ಆಮೇಲೆ ಚಿತ್ರ ಮತ್ತು ಧ್ವನಿ ಹಿಡಿಯಬೇಕು. ಅದನ್ನು ವಿಡಿಯೊ ಆಗಿ ಕುಗ್ಗಿಸಿ ಬರೆಯಬೇಕು. ಕೊನೆಗೆ ಡಿಸ್ಕ್‌ಗೆ ಇಳಿಸಬೇಕು. ನಾರಾಯಣಪುರ ಎಡದಂಡೆ ಕಾಲುವೆಯ ಕೊನೆಯ ಹೊಲಕ್ಕೆ ನೀರು ಬರದಿದ್ದರೆ ಗೇಟಿನಿಂದ ಶುರು ಮಾಡಿ ನೋಡುತ್ತ ಕೆಳಗೆ ಬರುತ್ತಾರಲ್ಲ, ಹಾಗೇ ಇಲ್ಲೂ ಮೇಲಿನಿಂದ ಬರಬೇಕು. ಫೈಲ್ ಸಿಗಲಿಲ್ಲ ಅಂತ ಡೌನ್‌ಲೋಡ್ಸ್ ಫೋಲ್ಡರ್ ತಡಕುವ ಮೊದಲು, ರೆಕಾರ್ಡಿಂಗ್ ನಿಜವಾಗಿ ಶುರುವಾಗಿತ್ತಾ ಅಂತ ನೋಡಿ.

ಪರೀಕ್ಷೆ ಮಾಡುವಾಗ ಸಾಮಾನ್ಯವಾಗಿ 20 ಸೆಕೆಂಡಿನ ತುಣುಕು ಸಾಕು. ಒಮ್ಮೆಗೆ ಒಂದೇ ಸಂಗತಿ ಬದಲಿಸಿ. ಮೈಕ್, ಬ್ರೌಸರ್, ಸೈಟ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಸರಿಯಾದರೂ ಯಾವುದರಿಂದ ಸರಿಯಾಯಿತು ಅಂತ ಗೊತ್ತಾಗುವುದಿಲ್ಲ. ಮುಂದಿನ ವಾರ ಅದೇ ತೊಂದರೆ ಮತ್ತೆ ಬರುತ್ತದೆ.

ಮೊದಲು: ಇದು ನಿಜವಾಗಿ ಖಾಸಗಿಯಾ?

ದೋಷ ಹುಡುಕುವ ಮುನ್ನವೇ ಇದನ್ನು ನೋಡಿ ಅಂತ ನಾನು ಹೇಳುವುದಕ್ಕೆ ಕಾರಣ ಇದೆ. ನಮ್ಮ ಪರದೆಯ ಮೇಲೆ ಇರುವುದು ಬೇರೆಯವರ ಆಧಾರ್ ಸಂಖ್ಯೆ, ಪಹಣಿ, ಬ್ಯಾಂಕ್ ಪಾಸ್‌ಬುಕ್ಕಿನ ಪುಟ, ಮಕ್ಕಳ ಅಂಕಪಟ್ಟಿ. ಅವರು ನಮ್ಮನ್ನು ನಂಬಿ ಕೊಟ್ಟ ಕಾಗದ ಅದು. ಪುಟದ ಮೇಲೆ "ಏನೂ ಅಪ್‌ಲೋಡ್ ಆಗುವುದಿಲ್ಲ" ಅಂತ ಬರೆದ ಮಾತ್ರಕ್ಕೆ ಸಾಲದು.

ಪರೀಕ್ಷೆ ಸುಲಭ. ರೆಕಾರ್ಡರ್ ಪುಟ ಪೂರ್ತಿ ತೆರೆದುಕೊಳ್ಳಲಿ. ಆಮೇಲೆ ವೈಫೈ ಆಫ್ ಮಾಡಿ. ಈಗ 20 ಸೆಕೆಂಡ್ ರೆಕಾರ್ಡ್ ಮಾಡಿ, ಉಳಿಸಿ, ತೆರೆದು ನೋಡಿ. ಇಷ್ಟೂ ನೆಟ್ ಇಲ್ಲದೆ ನಡೆದರೆ ವಿಡಿಯೊ ತಯಾರಾಗುವುದು ನಿಮ್ಮ ಕಂಪ್ಯೂಟರ್‌ನಲ್ಲೇ. ಆದರೆ ನೆಟ್ ಮತ್ತೆ ಬಂದ ಮೇಲೆ ಕದ್ದು ಕಳಿಸುವ ಸಾಧ್ಯತೆ ಉಳಿಯುತ್ತದೆ, ಅಲ್ವಾ? ಅದಕ್ಕೆ ಎರಡನೇ ಪರೀಕ್ಷೆ. ನೆಟ್ ಆನ್ ಮಾಡಿ, ಎಫ್12 ಒತ್ತಿ, ನೆಟ್‌ವರ್ಕ್ ಅನ್ನುವ ಭಾಗ ತೆರೆದಿಟ್ಟು ಐದು ನಿಮಿಷ ರೆಕಾರ್ಡ್ ಮಾಡಿ, ಉಳಿಸಿ. ರೆಕಾರ್ಡ್ ಆಗುವಾಗಲೋ ಉಳಿಸುವಾಗಲೋ ಸಾಲುಸಾಲಾಗಿ ಹೊಸ ವಿನಂತಿಗಳು ಬರುತ್ತಿದ್ದರೆ ಆ ಸೈಟ್ ಬಿಟ್ಟುಬಿಡಿ. ಎಫ್12 ಗೊಂದಲ ಅನ್ನಿಸಿದರೆ ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೊಂಡು ಡೇಟಾ ಲೆಕ್ಕ ನೋಡಿ, ಬೇರೆ ಟ್ಯಾಬ್‌ಗಳನ್ನೆಲ್ಲ ಮುಚ್ಚಿ. ಸೆಕೆಂಡಿಗೆ 2.5 ಮೆಗಾಬಿಟ್‌ನಂತೆ ಬರೆದ ವಿಡಿಯೊ ನಿಮಿಷಕ್ಕೆ ಸುಮಾರು 19 ಎಂಬಿ ಆಗುತ್ತದೆ. ಐದು ನಿಮಿಷಕ್ಕೆ 90 ಎಂಬಿ ದಾಟುತ್ತದೆ. ಅಷ್ಟು ಡೇಟಾ ಹೊರಗೆ ಹೋಗಿದ್ದರೆ ಲೆಕ್ಕದಲ್ಲಿ ಕಂಡೇ ಕಾಣುತ್ತದೆ.

ನೆಟ್ ಇಲ್ಲದಾಗ ಎಂಪಿ4 ಮಾಡುವ ಬಟನ್ ಮಾತ್ರ ಕೆಲಸ ಮಾಡದಿದ್ದರೆ ತಕ್ಷಣ ಅನುಮಾನ ಪಡಬೇಡಿ. ಆ ಬದಲಾವಣೆ ಮಾಡುವ ದೊಡ್ಡ ಪ್ರೋಗ್ರಾಂ ತುಣುಕನ್ನು ಕೆಲವು ಸೈಟ್‌ಗಳು ಬೇಕಾದಾಗ ಮಾತ್ರ ಇಳಿಸಿಕೊಳ್ಳುತ್ತವೆ. ಆಗ ಬ್ರೌಸರ್ ತಾನೇ ಬರೆಯುವ ವೆಬ್‌ಎಂ ವಿಡಿಯೊ ರೂಪದಲ್ಲೇ ಉಳಿಸಿ ನೋಡಿ.

ಬಟನ್ ಒತ್ತಿದರೆ ಏನೂ ಆಗುವುದಿಲ್ಲ

ಮೊಬೈಲ್‌ನಲ್ಲಿ ತೆರೆದಿದ್ದೀರಾ? ಹಾಗಿದ್ದರೆ ದೋಷ ಹುಡುಕುವುದೇ ಬೇಡ. ಆಂಡ್ರಾಯ್ಡ್ ಕ್ರೋಮ್ ಆಗಲಿ ಐಫೋನಿನ ಸಫಾರಿ ಆಗಲಿ, ವೆಬ್ ಪುಟಕ್ಕೆ ಫೋನಿನ ಪರದೆ ಹಿಡಿಯಲು ಬಿಡುವುದಿಲ್ಲ. ಫೋನಿನಲ್ಲೇ ಇರುವ ರೆಕಾರ್ಡರ್ ಬಳಸಿ. ಆಂಡ್ರಾಯ್ಡ್ 11ರಿಂದ, ಐಒಎಸ್ 11ರಿಂದ ಅದು ಜೊತೆಗೇ ಬರುತ್ತದೆ.

ಕಂಪ್ಯೂಟರ್ ಆದರೆ ವಿಳಾಸದ ಆರಂಭ ನೋಡಿ. ಎಚ್‌ಟಿಟಿಪಿಎಸ್ ಇಲ್ಲದ ಪುಟಕ್ಕೆ ಬ್ರೌಸರ್ ಪರದೆಯನ್ನೂ ಮೈಕನ್ನೂ ಕೊಡುವುದಿಲ್ಲ. ಕಾಲೇಜು ಲ್ಯಾಬ್‌ಗಳಲ್ಲಿ ಇದು ಜಾಸ್ತಿ ಕಾಣುತ್ತದೆ. ಯಾರೋ ಆಸಕ್ತಿಯಿಂದ ರೆಕಾರ್ಡರ್ ಅನ್ನು ಲ್ಯಾಬಿನ ಒಂದು ಕಂಪ್ಯೂಟರ್‌ನಲ್ಲಿ ಇಟ್ಟು, ಉಳಿದವರು 192.168 ಅಂತ ಶುರುವಾಗುವ ವಿಳಾಸದಿಂದ ತೆರೆಯಲಿ ಅಂತ ಹೇಳಿರುತ್ತಾರೆ. ಇಟ್ಟ ಕಂಪ್ಯೂಟರ್‌ನಲ್ಲಿ ಅದು ಲೋಕಲ್‌ಹೋಸ್ಟ್, ಅಂದರೆ ಬ್ರೌಸರ್ ನಂಬುವ ತನ್ನದೇ ಯಂತ್ರದ ವಿಳಾಸ, ಆದ್ದರಿಂದ ಚೆನ್ನಾಗಿ ನಡೆಯುತ್ತದೆ. ಪಕ್ಕದ ಕಂಪ್ಯೂಟರ್‌ನಲ್ಲಿ ಬಟನ್ ಸುಮ್ನೆ ಕೂತಿರುತ್ತದೆ. ಸೈಟ್ ಕೆಟ್ಟಿಲ್ಲ, ಅದಕ್ಕೆ ಎಚ್‌ಟಿಟಿಪಿಎಸ್ ಬೇಕು ಅಷ್ಟೇ.

ಇನ್ನೊಂದು, ಕಾಲೇಜು ಅಥವಾ ಕಚೇರಿ ಕಂಪ್ಯೂಟರ್‌ನ ಬ್ರೌಸರ್ ಮೆನುವಿನ ಕೆಳಗೆ "ಮ್ಯಾನೇಜ್ಡ್ ಬೈ ಯುವರ್ ಆರ್ಗನೈಸೇಶನ್" ಅಂತ ಇದ್ದರೆ, ಸ್ಕ್ರೀನ್ ಹಿಡಿಯುವುದನ್ನು ಅಲ್ಲಿನ ನಿರ್ವಾಹಕರೇ ತಡೆದಿರಬಹುದು. ಅದನ್ನು ದಾಟುವ ದಾರಿ ಹುಡುಕಬೇಡಿ. ಅವರನ್ನೇ ಕೇಳಿ.

ಪರದೆ ಆರಿಸುವ ಕಿಟಕಿ ಪ್ರತಿ ಸಲವೂ ಬರುತ್ತದೆ, ನೆನಪಿಟ್ಟುಕೊಳ್ಳುವುದಿಲ್ಲ ಅಂತ ಕೆಲವರು ದೂರುತ್ತಾರೆ. ಅದು ದೋಷ ಅಲ್ಲ. ಮೈಕ್ ಅನುಮತಿಯನ್ನು ಬ್ರೌಸರ್ ನೆನಪಿಡಬಹುದು, ಪರದೆಯ ಅನುಮತಿಯನ್ನು ಬೇಕೆಂದೇ ನೆನಪಿಡುವುದಿಲ್ಲ. ಹಾಗೇ ಇರಲಿ, ನಮಗೇ ಒಳ್ಳೆಯದು.

ಕಪ್ಪು ಪರದೆ

ಇದಕ್ಕೆ ಕಾರಣ ಮೂರು ಕಡೆ ಇರಬಹುದು. ಮ್ಯಾಕ್ ಆದರೆ ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಭಾಗಕ್ಕೆ ಹೋಗಿ, ಸ್ಕ್ರೀನ್ ರೆಕಾರ್ಡಿಂಗ್ ಪಟ್ಟಿಯಲ್ಲಿ ಬ್ರೌಸರ್‌ನ ಹೆಸರಿನ ಮುಂದೆ ಆನ್ ಇದೆಯಾ ನೋಡಿ. 2019ರ ಕ್ಯಾಟಲಿನಾದಿಂದ ಈ ಅನುಮತಿ ಕಡ್ಡಾಯ. ಆನ್ ಮಾಡಿದ ಮೇಲೆ ಬ್ರೌಸರ್ ಪೂರ್ತಿ ಮುಚ್ಚಿ ಮತ್ತೆ ತೆರೆಯಬೇಕು. ಎಷ್ಟೋ ಜನ ಈ ಕೊನೆಯ ಹೆಜ್ಜೆ ಬಿಟ್ಟು "ಆನ್ ಮಾಡಿದರೂ ಬರಲಿಲ್ಲ" ಅನ್ನುತ್ತಾರೆ.

ಲಿನಕ್ಸ್‌ನಲ್ಲಿ ಪರದೆ ತೋರಿಸುವ ವ್ಯವಸ್ಥೆ ವೇಲ್ಯಾಂಡ್ ಆಗಿದ್ದರೆ ಬ್ರೌಸರ್ ಕೇಳಿದ ಮೇಲೆ ಸಿಸ್ಟಮ್ ಕೂಡ ಇನ್ನೊಮ್ಮೆ ಕೇಳಬಹುದು. ಎರಡಕ್ಕೂ ಒಪ್ಪಬೇಕು. ಪರದೆಯ ಚಿತ್ರವನ್ನು ಬ್ರೌಸರ್‌ಗೆ ತಲುಪಿಸುವ ಪೈಪ್‌ವೈರ್ ಮತ್ತು ಡೆಸ್ಕ್‌ಟಾಪ್ ಪೋರ್ಟಲ್ ಇಲ್ಲದಿದ್ದರೆ ಚಿತ್ರ ಬರುವುದೇ ಇಲ್ಲ.

ವಿಂಡೋಸ್‌ನಲ್ಲಿ ಒಂದೇ ಟ್ಯಾಬ್ ಮಾತ್ರ ಕಪ್ಪಾಗಿ ಉಳಿದೆಲ್ಲ ಸರಿಯಾಗಿ ಬಂದರೆ, ಆ ಟ್ಯಾಬಿನಲ್ಲಿ ಏನಿದೆ ನೋಡಿ. ಸಿನಿಮಾ, ಧಾರಾವಾಹಿ ತೋರಿಸುವ ಸೇವೆಗಳು ವಿಡಿಯೊಗೆ ನಕಲು ತಡೆ ಹಾಕಿರುತ್ತವೆ. ಅಲ್ಲಿ ಕಪ್ಪು ಬರಲೇಬೇಕು. ಹಾಗಲ್ಲದೆ ಎಲ್ಲವೂ ಕಪ್ಪಾದರೆ ಬ್ರೌಸರ್ ಸೆಟ್ಟಿಂಗ್ಸ್‌ನ ಸಿಸ್ಟಮ್ ಭಾಗದಲ್ಲಿ ಗ್ರಾಫಿಕ್ಸ್ ಆಕ್ಸಲರೇಶನ್ ಆಫ್ ಮಾಡಿ, ಬ್ರೌಸರ್ ಮತ್ತೆ ಶುರು ಮಾಡಿ, ಪರೀಕ್ಷೆ ಮಾಡಿ. ಎರಡು ಗ್ರಾಫಿಕ್ಸ್ ಚಿಪ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಇದು ಕೆಲಸ ಮಾಡುವುದನ್ನು ನೋಡಿದ್ದೇನೆ. ಸರಿಯಾಗದಿದ್ದರೆ ಅದನ್ನು ಮತ್ತೆ ಆನ್ ಮಾಡಿಬಿಡಿ, ಇಲ್ಲದಿದ್ದರೆ ಮುಂದೆ ವಿಡಿಯೊ ತಡವರಿಸುತ್ತದೆ.

ಒಂದು ವಿಂಡೊ ಆರಿಸಿ, ಆಮೇಲೆ ಅದನ್ನು ಕೆಳಗಿಳಿಸಿದರೂ ಚಿತ್ರ ಅಲ್ಲೇ ನಿಲ್ಲುತ್ತದೆ. ಮಿನಿಮೈಸ್ ಆದ ವಿಂಡೊ ಹೊಸ ಚಿತ್ರ ಬಿಡಿಸುವುದಿಲ್ಲ.

ಧ್ವನಿ ಬರುತ್ತಿಲ್ಲ

ಅತಿ ಹೆಚ್ಚು ಬರುವ ದೂರು ಇದು. ಉತ್ತರ ಹುಡುಕುವ ಮುನ್ನ ಒಂದು ಪ್ರಶ್ನೆ: ಯಾವ ಧ್ವನಿ? ನಿಮ್ಮ ಮಾತಾ, ಕಂಪ್ಯೂಟರ್ ಒಳಗಿನ ಧ್ವನಿಯಾ? ಇವೆರಡು ಬೇರೆ ಬೇರೆ ದಾರಿಯಿಂದ ಬರುತ್ತವೆ, ಬೇರೆ ಬೇರೆ ಅನುಮತಿ ಕೇಳುತ್ತವೆ.

ಒಳಗಿನ ಧ್ವನಿ ಬಾರದಿದ್ದರೆ ಮೊದಲು ಬ್ರೌಸರ್ ನೋಡಿ. ಫೈರ್‌ಫಾಕ್ಸ್ ಮತ್ತು ಸಫಾರಿಯಲ್ಲಿ ಸ್ಕ್ರೀನ್ ಹಿಡಿಯುವಾಗ ಒಳಗಿನ ಧ್ವನಿ ಸಿಗುವುದಿಲ್ಲ. ಎಷ್ಟು ಸೆಟ್ಟಿಂಗ್ ತಿರುಗಿಸಿದರೂ ಅಷ್ಟೇ. ಮೈಕ್ ಮಾತ್ರ ಬರುತ್ತದೆ. ಕ್ರೋಮ್ ಅಥವಾ ಎಡ್ಜ್ ಬಳಸಿ. ಅಲ್ಲೂ ನೀವು ಏನನ್ನು ಆರಿಸಿದಿರಿ ಅನ್ನುವುದರ ಮೇಲೆ ನಿಂತಿದೆ. ಟ್ಯಾಬ್ ಆರಿಸಿದರೆ ಆ ಟ್ಯಾಬಿನ ಧ್ವನಿ ಸಿಗುತ್ತದೆ. ವಿಂಡೋಸ್‌ನಲ್ಲಿ ಇಡೀ ಪರದೆ ಆರಿಸಿದರೆ ಇಡೀ ಕಂಪ್ಯೂಟರಿನ ಧ್ವನಿ ಸಿಗುತ್ತದೆ. ನಡುವಿನ ಆಯ್ಕೆ, ಅಂದರೆ ಒಂದು ವಿಂಡೊ ಮಾತ್ರ, ಆರಿಸಿದರೆ ಸಾಮಾನ್ಯವಾಗಿ ಧ್ವನಿ ಇರುವುದಿಲ್ಲ. ಪಾಠ ಮಾಡುವವರು ಸ್ಲೈಡ್ ವಿಂಡೊ ಆರಿಸಿಕೊಳ್ಳುವುದು ಸಹಜ. ಅದಕ್ಕೇ ಸ್ಲೈಡಿನೊಳಗಿನ ವಿಡಿಯೊದ ಧ್ವನಿ ಮಾಯವಾಗಿರುತ್ತದೆ. ಟ್ಯಾಬ್, ಪರದೆ ಆರಿಸುವಾಗಲೂ ಆ ಕಿಟಕಿಯ ಕೆಳಗೆ ಆಡಿಯೊ ಶೇರ್ ಮಾಡುವ ಸಣ್ಣ ಗುಂಡಿ ಇರುತ್ತದೆ. ಶೇರ್ ಒತ್ತುವ ಮೊದಲು ಅದು ಆನ್ ಇರಬೇಕು.

ನಿಮ್ಮ ಮಾತು ಬಾರದಿದ್ದರೆ ವಿಳಾಸದ ಪಕ್ಕದ ಗುರುತು ಒತ್ತಿ ಆ ಸೈಟಿಗೆ ಮೈಕ್ ಅನುಮತಿ ಇದೆಯಾ ನೋಡಿ. ಹಿಂದೆ ಎಂದೋ ಒಮ್ಮೆ "ಬ್ಲಾಕ್" ಒತ್ತಿದ್ದರೆ ಬ್ರೌಸರ್ ಮತ್ತೆ ಕೇಳುವುದಿಲ್ಲ, ಸುಮ್ಮನೆ ನಿರಾಕರಿಸುತ್ತದೆ. ಅಲ್ಲಿ ಸರಿ ಇದ್ದರೆ ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ, ಮೈಕ್ರೊಫೋನ್, ಡೆಸ್ಕ್‌ಟಾಪ್ ಆ್ಯಪ್‌ಗಳಿಗೆ ಅನುಮತಿ ನೋಡಿ. ಅದೂ ಸರಿ ಇದ್ದರೆ ಯಾವ ಮೈಕ್ ಆರಿಸಿಕೊಂಡಿದೆ ನೋಡಿ. ಇಯರ್‌ಫೋನ್ ಹಾಕಿಕೊಂಡಿದ್ದರೂ ವೆಬ್‌ಕ್ಯಾಮಿನ ಮೈಕನ್ನೇ ಅದು ಹಿಡಿದುಕೊಂಡಿರಬಹುದು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ ಮುಚ್ಚುವ ಕೀಲಿಯೇ ಬೇರೆ ಇದೆ, ಅದರ ಮೇಲೆ ಸಣ್ಣ ದೀಪ ಉರಿಯುತ್ತಿರುತ್ತದೆ.

ಎರಡೂ ಬೇಕು, ಒಂದೇ ಬರುತ್ತದೆ ಅನ್ನುವವರು ಹೀಗೆ ಮಾಡಿ. ಮೈಕ್ ಆಫ್ ಮಾಡಿ ಟ್ಯಾಬಿನ ಧ್ವನಿ ಒಂದನ್ನೇ ಪರೀಕ್ಷಿಸಿ. ಆಮೇಲೆ ಟ್ಯಾಬ್ ಧ್ವನಿ ಬಿಟ್ಟು ಮೈಕ್ ಒಂದನ್ನೇ. ಎರಡೂ ಬೇರೆ ಬೇರೆಯಾಗಿ ಚೆನ್ನಾಗಿ ಬಂದು, ಒಟ್ಟಿಗೆ ಹಾಕಿದಾಗ ಮಾತ್ರ ಒಂದು ಮಾಯವಾದರೆ ದೋಷ ಸೈಟಿನದು. ಎರಡು ಧ್ವನಿಗಳನ್ನು ಬೆರೆಸಿ ಒಂದೇ ಹರಿವು ಮಾಡುವ ಕೆಲಸ ರೆಕಾರ್ಡರ್ ಬರೆದವರದು, ಅವರು ಅದನ್ನು ಮಾಡಿಲ್ಲ. ನಿಮ್ಮ ಕಡೆಯಿಂದ ಸರಿಪಡಿಸಲು ಏನೂ ಇಲ್ಲ. ಬೇರೆ ಖಾಸಗಿ ರೆಕಾರ್ಡರ್ ಹುಡುಕಿ, ಮೇಲಿನ ವೈಫೈ ಪರೀಕ್ಷೆ ಅದಕ್ಕೂ ಮಾಡಿ.

ಧ್ವನಿ ಬರುತ್ತದೆ, ಆದರೆ ಏರಿಳಿತ ಆಗುತ್ತದೆ, ಮಾತಿನ ತುದಿ ನುಂಗಿಹೋಗುತ್ತದೆ. ಇದು ನಮ್ಮ ಬಿಸಿಲ ನಾಡಿನ ವಿಶೇಷ ದೂರು, ಏಪ್ರಿಲ್ ಮೇ ತಿಂಗಳಲ್ಲಿ ಜಾಸ್ತಿ. ಕೋಣೆಯಲ್ಲಿ ಕೂಲರ್ ಓಡುತ್ತಿರುತ್ತದೆ. ಬ್ರೌಸರ್ ಮೈಕಿನ ಧ್ವನಿಯನ್ನು ಹಾಗೇ ಕೊಡುವುದಿಲ್ಲ. ಗದ್ದಲ ಕಡಿಮೆ ಮಾಡುವುದು, ಮಾತಿನ ಮಟ್ಟ ತಾನೇ ಏರಿಸಿ ಇಳಿಸುವುದು, ಪ್ರತಿಧ್ವನಿ ತೆಗೆಯುವುದು, ಈ ಮೂರನ್ನೂ ಸಾಮಾನ್ಯವಾಗಿ ತಾನೇ ಮಾಡುತ್ತದೆ. ಕೂಲರ್‌ನ ಒಂದೇ ಸಮನೆಯ ಮೊರೆತವನ್ನು ತೆಗೆಯುವ ಭರದಲ್ಲಿ ನಿಮ್ಮ ಮೆಲ್ಲನೆಯ ಅಕ್ಷರಗಳನ್ನೂ ತೆಗೆದುಬಿಡುತ್ತದೆ. ಕೂಲರ್ ಆಫ್ ಮಾಡಿ 20 ಸೆಕೆಂಡ್ ಪರೀಕ್ಷಿಸಿ. ಮಾತು ತಿಳಿಯಾದರೆ ಕಾರಣ ಅದೇ. ಮಧ್ಯಾಹ್ನ ಪೂರ್ತಿ ಕೂಲರ್ ಆಫ್ ಮಾಡಿ ಕೂರಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ವೈರ್ ಇರುವ ಇಯರ್‌ಫೋನಿನ ಮೈಕನ್ನು ಬಾಯಿಗೆ ಹತ್ತಿರ ಹಿಡಿದು, ಕೂಲರ್‌ಗೆ ಬೆನ್ನು ಹಾಕಿ ಕೂತರೆ ಬಹಳ ಸುಧಾರಿಸುತ್ತದೆ. ರೆಕಾರ್ಡರ್‌ನಲ್ಲಿ ನಾಯ್ಸ್ ಸಪ್ರೆಶನ್ ಆಫ್ ಮಾಡುವ ಆಯ್ಕೆ ಇದ್ದರೆ ಅದನ್ನೂ ನೋಡಿ. ಮೊರೆತ ಸ್ವಲ್ಪ ಕೇಳಿಸುತ್ತದೆ, ಆದರೆ ಮಾತು ಪೂರ್ತಿ ಇರುತ್ತದೆ. ಮಕ್ಕಳಿಗೆ ಬೇಕಾಗಿರುವುದು ಮಾತು.

ಸ್ಪೀಕರ್‌ನಲ್ಲಿ ಪಾಠದ ವಿಡಿಯೊ ಹಾಕಿ ಅದರ ಮೇಲೆ ನೀವು ಮಾತಾಡಿದರೂ ನಿಮ್ಮ ಮಾತು ಕತ್ತರಿಸಿಹೋಗಬಹುದು. ಪ್ರತಿಧ್ವನಿ ತೆಗೆಯುವ ಕೆಲಸದ ಪರಿಣಾಮ ಅದು. ಇಯರ್‌ಫೋನ್ ಹಾಕಿದರೆ ಹೋಗುತ್ತದೆ. ಬ್ಲೂಟೂತ್ ಇಯರ್‌ಫೋನ್ ಬೇಡ. ಅದರ ಮೈಕ್ ಆನ್ ಆದ ಕೂಡಲೇ ಫೋನ್ ಕರೆಯ ಮಟ್ಟಕ್ಕೆ ಧ್ವನಿ ಇಳಿಯುತ್ತದೆ.

ಮಾತು ಓಡುತ್ತಿದೆ, ಚಿತ್ರ ನಿಂತಿದೆ

ಈ ದೋಷ ಜನರನ್ನು ಬಹಳ ಕಂಗೆಡಿಸುತ್ತದೆ, ಯಾಕೆಂದರೆ 20 ಸೆಕೆಂಡಿನ ಪರೀಕ್ಷೆಯಲ್ಲಿ ಇದು ಸಿಕ್ಕಿಬೀಳದೇ ಇರಬಹುದು. ರೆಕಾರ್ಡರ್ ಪುಟವನ್ನೇ ನೋಡುತ್ತ ಪರೀಕ್ಷೆ ಮಾಡಿದಾಗ ಎಲ್ಲ ಸರಿ. ಬೇರೆ ಟ್ಯಾಬಿಗೆ ಹೋಗಿ ಪಾಠ ಮಾಡಿದಾಗ ಚಿತ್ರ ಕಲ್ಲಾಗಿ ನಿಲ್ಲುತ್ತದೆ, ಧ್ವನಿ ಮಾತ್ರ ಕೊನೆಯವರೆಗೆ ಇರುತ್ತದೆ.

ಕಾರಣ ಹೀಗೆ. ಮೂಲೆಯಲ್ಲಿ ನಿಮ್ಮ ಮುಖ ತೋರಿಸುವ ಗುಂಡನೆಯ ಕ್ಯಾಮೆರಾ ಚಿತ್ರ ಆನ್ ಮಾಡಿದಾಗ, ಸೈಟ್ ಪರದೆಯ ಚಿತ್ರವನ್ನೂ ಮುಖವನ್ನೂ ಪುಟದೊಳಗಿನ ಕ್ಯಾನ್‌ವಾಸ್ ಅನ್ನುವ ಚಿತ್ರ ಬಿಡಿಸುವ ಹಲಗೆಯ ಮೇಲೆ ಒಟ್ಟಿಗೆ ಬಿಡಿಸುತ್ತದೆ. ಆ ಕ್ಯಾನ್‌ವಾಸನ್ನು ರೆಕಾರ್ಡ್ ಮಾಡುತ್ತದೆ. ಆದರೆ ಕಣ್ಣಿಗೆ ಕಾಣದ ಟ್ಯಾಬುಗಳಲ್ಲಿ ಬ್ರೌಸರ್ ಚಿತ್ರ ಬಿಡಿಸುವುದನ್ನು ನಿಲ್ಲಿಸುತ್ತದೆ, ಟೈಮರ್‌ಗಳನ್ನು ಸೆಕೆಂಡಿಗೆ ಒಂದಕ್ಕೆ ಇಳಿಸುತ್ತದೆ. ಬ್ಯಾಟರಿ ಉಳಿಸಲು ಮಾಡಿದ ಏರ್ಪಾಡು ಅದು. ನೀವು ಬೇರೆ ಟ್ಯಾಬಿಗೆ ಹೋದ ಕ್ಷಣ ಕ್ಯಾನ್‌ವಾಸ್ ನಿಂತಿತು.

ಗುರುತು ಹಿಡಿಯಲು ಕ್ಯಾಮೆರಾ ಆಫ್ ಮಾಡಿ, ಬೇರೆ ಟ್ಯಾಬಿಗೆ ಹೋಗಿ ಒಂದು ನಿಮಿಷ ರೆಕಾರ್ಡ್ ಮಾಡಿ. ಚಿತ್ರ ಓಡಿದರೆ ಕಾರಣ ಖಚಿತ. ಮುಖ ಬೇಕೇ ಬೇಕು ಅನ್ನುವವರು ರೆಕಾರ್ಡರ್ ಟ್ಯಾಬನ್ನು ಎಳೆದು ಬೇರೆ ವಿಂಡೊ ಮಾಡಿ, ಪರದೆಯ ಒಂದು ಬದಿಯಲ್ಲಿ ಸ್ವಲ್ಪವಾದರೂ ಕಾಣುವಂತೆ ಇಡಿ. ಬೇರೆ ವಿಂಡೊ ಅದನ್ನು ಪೂರ್ತಿ ಮುಚ್ಚಿದರೆ ವಿಂಡೋಸ್‌ನಲ್ಲಿ ಕ್ರೋಮ್ ಅದನ್ನೂ ಕಾಣದ ವಿಂಡೊ ಅಂತಲೇ ಲೆಕ್ಕ ಹಾಕುತ್ತದೆ. ಒಂದು ಅಂಚು ಕಂಡರೂ ಸಾಕು. ಹೀಗೆ ಬೇರೆ ಸಂದರ್ಭದಲ್ಲಿ ಪರೀಕ್ಷಿಸಿದಾಗ ಸರಿ, ಪಾಠದ ವೇಳೆ ಸರಿಯಿಲ್ಲ ಅನ್ನುವ ದೋಷಗಳಿಗೆಲ್ಲ ಪರೀಕ್ಷೆಯನ್ನು ಪಾಠದ ಹಾಗೇ ಮಾಡಬೇಕು: ಅದೇ ಟ್ಯಾಬುಗಳು, ಅದೇ ಓಡಾಟ.

ಹದಿನೈದು ನಿಮಿಷ ಚೆನ್ನಾಗಿದ್ದು ಆಮೇಲೆ ತಡವರಿಸುತ್ತದೆ

ಮೊದಲು ಲ್ಯಾಪ್‌ಟಾಪಿನ ಕೆಳಭಾಗ ಮುಟ್ಟಿ ನೋಡಿ. ಕಲಬುರಗಿಯಲ್ಲಿ ಬೇಸಿಗೆಯ ಮಧ್ಯಾಹ್ನ 40 ಡಿಗ್ರಿ ದಾಟುತ್ತದೆ. ವಿಡಿಯೊ ಕುಗ್ಗಿಸುವುದು ಪ್ರೊಸೆಸರ್‌ಗೆ ಭಾರೀ ಕೆಲಸ. ಬಿಸಿ ಮಿತಿ ಮೀರಿದಾಗ ಪ್ರೊಸೆಸರ್ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ಟಾಸ್ಕ್ ಮ್ಯಾನೇಜರ್ ತೆರೆದು ಸಿಪಿಯು ವೇಗ ನೋಡುತ್ತಿರಿ. ಶುರುವಿನಲ್ಲಿ ಇದ್ದ ವೇಗ ಅರ್ಧಕ್ಕೆ ಬಿದ್ದಾಗಲೇ ವಿಡಿಯೊ ತಡವರಿಸಲು ಶುರುವಾದರೆ ಬಿಸಿಯೇ ಕಾರಣ. ಹಾಸಿಗೆ, ದಿಂಬಿನ ಮೇಲಿಂದ ಎತ್ತಿ ಗಟ್ಟಿ ಮೇಜಿನ ಮೇಲಿಡಿ. ಗುಣಮಟ್ಟ 1080ರಿಂದ 720ಕ್ಕೆ, ಫ್ರೇಮ್ ವೇಗ 15ಕ್ಕೆ ಇಳಿಸಿ. ಸ್ಲೈಡ್ ಪಾಠಕ್ಕೆ ಅಷ್ಟು ಧಾರಾಳ ಸಾಕು. ವಿಡಿಯೊ ಕುಗ್ಗಿಸುವ ವಿಧಾನಕ್ಕೆ ವಿಪಿ9, ವಿಪಿ8 ಅಂತ ಆಯ್ಕೆ ಕೊಟ್ಟಿದ್ದರೆ ವಿಪಿ8 ಹಗುರ. ಸಾಧ್ಯವಿದ್ದರೆ ಬೆಳಿಗ್ಗೆ ತಂಪಿನಲ್ಲಿ ರೆಕಾರ್ಡ್ ಮಾಡಿ.

ಚಾರ್ಜರ್ ತೆಗೆದಾಗ ಮಾತ್ರ ತಡವರಿಸಿದರೆ ಕಾರಣ ಬ್ಯಾಟರಿ ಉಳಿತಾಯ. ವಿಂಡೋಸ್‌ದೂ ಆಫ್ ಮಾಡಿ, ಕ್ರೋಮ್‌ನ ಎನರ್ಜಿ ಸೇವರ್ ಕೂಡ ಆಫ್ ಮಾಡಿ.

ನಡುವೆ ನಿಂತಿತು, ಫೈಲ್ ಇಲ್ಲ

ಇಲ್ಲಿ ಸ್ವಲ್ಪ ಸಮಾಧಾನವಾಗಿ ನೋಡಬೇಕು. ಕಳೆದದ್ದು ಒಬ್ಬರ ದುಡಿಮೆ.

ಮೊದಲನೆಯದಾಗಿ, ಬ್ರೌಸರ್ ತೋರಿಸುವ "ಸ್ಟಾಪ್ ಶೇರಿಂಗ್" ಪಟ್ಟಿಯಲ್ಲಿ ಸ್ಟಾಪ್ ಒತ್ತಿದರೆ ರೆಕಾರ್ಡಿಂಗ್ ಅಲ್ಲಿಗೇ ಮುಗಿಯಿತು. ಪಟ್ಟಿ ಅಡ್ಡ ಬರುತ್ತದೆ ಅಂತ ಅನ್ನಿಸಿದರೆ ಹೈಡ್ ಒತ್ತಿ. ಆರಿಸಿದ ಟ್ಯಾಬನ್ನೇ ಮುಚ್ಚಿದರೂ ಮುಗಿಯುತ್ತದೆ. ಲ್ಯಾಪ್‌ಟಾಪ್ ನಿದ್ರೆಗೆ ಹೋದರೂ ಅಷ್ಟೇ. ಹೀಗೆ ನಿಂತದ್ದಾದರೆ ರೆಕಾರ್ಡರ್ ಟ್ಯಾಬಿಗೆ ಹೋಗಿ ನೋಡಿ, ಅಲ್ಲಿಯವರೆಗಿನ ವಿಡಿಯೊ ಉಳಿಸಲು ಕಾಯುತ್ತಿರುತ್ತದೆ. ಆ ಟ್ಯಾಬನ್ನು ರಿಫ್ರೆಶ್ ಮಾಡಬೇಡಿ. ಮಾಡಿದರೆ ಹೋಯಿತು.

ಟ್ಯಾಬೇ ಕುಸಿದು ಬಿದ್ದರೆ ಮೆಮೊರಿ ಯೋಚಿಸಿ. ನಿಮ್ಮ ರೆಕಾರ್ಡರ್ ಎಲ್ಲಿ ಬರೆಯುತ್ತದೆ ಅಂತ ತಿಳಿಯಲು ಸುಲಭದ ಗುರುತಿದೆ. ಎಲ್ಲಿ ಉಳಿಸಬೇಕು ಅಂತ ಶುರುವಿನಲ್ಲೇ ಕೇಳಿದರೆ ಅದು ನೇರವಾಗಿ ಡಿಸ್ಕ್‌ಗೆ ಬರೆಯುತ್ತಿದೆ. ಕ್ರೋಮ್, ಎಡ್ಜ್‌ನಲ್ಲಿ ಇದು ಸಾಧ್ಯ. ಮುಗಿದ ಮೇಲೆ ಮಾತ್ರ ಡೌನ್‌ಲೋಡ್ ಕೊಟ್ಟರೆ ಅಲ್ಲಿಯವರೆಗೆ ಮೆಮೊರಿಯಲ್ಲೋ ಬ್ರೌಸರ್‌ನ ತಾತ್ಕಾಲಿಕ ಜಾಗದಲ್ಲೋ ಇಟ್ಟುಕೊಂಡಿರುತ್ತದೆ. ಮೇಲೆ ಹೇಳಿದ ಲೆಕ್ಕದಲ್ಲಿ ಒಂದು ತಾಸಿಗೆ 1.1 ಜಿಬಿ ಆಗುತ್ತದೆ. 4 ಜಿಬಿ ರ್‍ಯಾಮ್‌ನ ಲ್ಯಾಪ್‌ಟಾಪಿಗೆ ಅದು ಭಾರ. ಅಂಥ ಯಂತ್ರದಲ್ಲಿ ಹದಿನೈದು ಇಪ್ಪತ್ತು ನಿಮಿಷದ ತುಂಡುಗಳಾಗಿ ರೆಕಾರ್ಡ್ ಮಾಡಿ, ಪ್ರತಿ ತುಂಡನ್ನೂ ಉಳಿಸಿ ಮುಂದಿನದಕ್ಕೆ ಹೋಗಿ. ಕೇಳುವ ವಿದ್ಯಾರ್ಥಿಗಳಿಗೂ ಅದೇ ಅನುಕೂಲ. ಇತಿಹಾಸ ಉಳಿಸದ ಇನ್‌ಕಾಗ್ನಿಟೊ ವಿಂಡೊದಲ್ಲಿ ದೊಡ್ಡ ರೆಕಾರ್ಡಿಂಗ್ ಬೇಡ. ಅಲ್ಲಿ ಸಿಗುವ ತಾತ್ಕಾಲಿಕ ಜಾಗ ಕಡಿಮೆ, ವಿಂಡೊ ಮುಚ್ಚಿದರೆ ಎಲ್ಲ ಅಳಿಸಿಹೋಗುತ್ತದೆ.

ಕರೆಂಟ್ ಹೋಗಿ ಡೆಸ್ಕ್‌ಟಾಪ್ ಆರಿಹೋಯಿತು ಅನ್ನುವವರಿಗೆ ಒಂದು ಆಸೆ ಇದೆ. ನೇರ ಡಿಸ್ಕ್‌ಗೆ ಬರೆಯುವ ರೆಕಾರ್ಡರ್ ಆಗಿದ್ದರೆ ನೀವು ಆರಿಸಿದ ಫೋಲ್ಡರ್ ತೆರೆಯಿರಿ. ಉಳಿಸಬೇಕಿದ್ದ ಫೈಲ್ ಸೊನ್ನೆ ಗಾತ್ರ ತೋರಿಸಬಹುದು. ಪಕ್ಕದಲ್ಲಿ ಅದೇ ಹೆಸರಿನ, ಕೊನೆಯಲ್ಲಿ "ಸಿಆರ್‌ಸ್ವಾಪ್" (.crswap) ಅಂತ ಇಂಗ್ಲಿಷ್ ಅಕ್ಷರಗಳಿರುವ ಇನ್ನೊಂದು ಫೈಲ್ ಉಳಿದಿರುವ ಸಾಧ್ಯತೆ ಇದೆ. ರೆಕಾರ್ಡಿಂಗ್ ಮುಗಿಯುವವರೆಗೆ ಬ್ರೌಸರ್ ಅದರಲ್ಲೇ ಬರೆಯುತ್ತದೆ. ಬ್ರೌಸರ್ ತೆರೆಯುವ ಮುನ್ನ ಅದರ ಪ್ರತಿ ಮಾಡಿ ಬೇರೆ ಕಡೆ ಇಡಿ. ಪ್ರತಿಯ ಹೆಸರಿನಿಂದ ಆ ಕೊನೆಯ ಅಕ್ಷರಗಳನ್ನು ತೆಗೆದು, ಹೆಸರು ವೆಬ್‌ಎಂ (.webm) ಅಂತ ಮುಗಿಯುವಂತೆ ಮಾಡಿ, ವಿಎಲ್‌ಸಿ ಅನ್ನುವ ವಿಡಿಯೊ ಪ್ಲೇಯರ್‌ನಲ್ಲಿ ತೆರೆಯಿರಿ. ವೆಬ್‌ಎಂ ತುಂಡುತುಂಡಾಗಿ ಬರೆಯಲ್ಪಡುವ ರೂಪ, ಆದ್ದರಿಂದ ಅರ್ಧದಲ್ಲಿ ನಿಂತರೂ ಬರೆದಷ್ಟು ಓಡುತ್ತದೆ. ಮೆಮೊರಿಯಲ್ಲಿ ಇಟ್ಟುಕೊಳ್ಳುವ ರೆಕಾರ್ಡರ್ ಆಗಿದ್ದರೆ ಏನೂ ಸಿಗುವುದಿಲ್ಲ, ಹುಡುಕಿ ದಣಿಯಬೇಡಿ.

ಪೆನ್‌ಡ್ರೈವ್‌ಗೆ ನೇರವಾಗಿ ಬರೆಸುವವರು ಗಮನಿಸಿ. ಫ್ಯಾಟ್32 ರೂಪದ ಪೆನ್‌ಡ್ರೈವ್‌ನಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. ಅಲ್ಲಿಗೆ ಬಂದು ನಿಂತರೆ ಕಾರಣ ಅದೇ.

ಫೈಲ್ ಇದೆ, ಸರಿಯಾಗಿ ಓಡುವುದಿಲ್ಲ

ಓಡುತ್ತದೆ, ಆದರೆ ಒಟ್ಟು ಸಮಯ ತೋರಿಸುವುದಿಲ್ಲ, ಮುಂದಕ್ಕೆ ಎಳೆಯಲು ಬರುವುದಿಲ್ಲ. ಫೈಲ್ ಕೆಟ್ಟಿಲ್ಲ. ಬ್ರೌಸರ್ ಬರೆಯುತ್ತ ಹೋಗುವಾಗ ಒಟ್ಟು ಎಷ್ಟು ಉದ್ದ ಆಗುತ್ತದೆ ಅಂತ ಅದಕ್ಕೆ ಗೊತ್ತಿರುವುದಿಲ್ಲ, ಆದ್ದರಿಂದ ಮೊದಲಲ್ಲಿ ಬರೆದಿರುವುದಿಲ್ಲ. ಎಂಕೆವಿಟೂಲ್‌ನಿಕ್ಸ್ ಅನ್ನುವ ಉಚಿತ ತಂತ್ರಾಂಶದಲ್ಲಿ ಫೈಲ್ ಹಾಕಿ ಒಮ್ಮೆ ಹೊರತೆಗೆದರೆ ಉದ್ದವೂ ಸೂಚಿಯೂ ಸೇರಿಕೊಳ್ಳುತ್ತವೆ. ಗುಣಮಟ್ಟ ಒಂದಿಷ್ಟೂ ಕಡಿಮೆಯಾಗುವುದಿಲ್ಲ.

ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಆಗಿ ಹೋಗದಿದ್ದರೆ ವೆಬ್‌ಎಂ ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ವಿಡಿಯೊ ರೂಪ ಬದಲಿಸುವ ಹ್ಯಾಂಡ್‌ಬ್ರೇಕ್ ತಂತ್ರಾಂಶದಲ್ಲಿ ಎಂಪಿ4 ಮಾಡಿ. ಎಡಿಟ್ ಮಾಡುವಾಗ ಧ್ವನಿ ಚಿತ್ರ ಹೊಂದದೆ ಹೋದರೆ ಅದೇ ಹ್ಯಾಂಡ್‌ಬ್ರೇಕ್‌ನಲ್ಲಿ ಕಾನ್‌ಸ್ಟಂಟ್ ಫ್ರೇಮ್‌ರೇಟ್ ಆರಿಸಿ. ಪರದೆಯಲ್ಲಿ ಏನೂ ಬದಲಾಗದಿದ್ದಾಗ ಬ್ರೌಸರ್ ಕಡಿಮೆ ಫ್ರೇಮ್ ಬರೆಯುತ್ತದೆ, ಎಡಿಟರ್‌ಗಳಿಗೆ ಅದು ಗೊಂದಲ. ಒಂದು ಮಾತು ಮಾತ್ರ ಒತ್ತಿ ಹೇಳುತ್ತೇನೆ: ಆನ್‌ಲೈನ್‌ನಲ್ಲಿ ಬದಲಿಸಿಕೊಡುವ ಸೈಟಿಗೆ ಈ ಫೈಲ್ ಹಾಕಬೇಡಿ. ಅಷ್ಟು ಜೋಪಾನ ಮಾಡಿ ರೆಕಾರ್ಡ್ ಮಾಡಿದ ಆಧಾರ್, ಪಹಣಿ ಎಲ್ಲವೂ ಆ ಒಂದು ಅಪ್‌ಲೋಡ್‌ನಲ್ಲಿ ಹೊರಗೆ ಹೋಗುತ್ತವೆ. ಹ್ಯಾಂಡ್‌ಬ್ರೇಕ್, ಎಂಕೆವಿಟೂಲ್‌ನಿಕ್ಸ್, ವಿಎಲ್‌ಸಿ ಮೂರೂ ನೆಟ್ ಇಲ್ಲದೆ ನಡೆಯುತ್ತವೆ.

ಕಾಣಬೇಕಾದ್ದು ಕಾಣಲಿಲ್ಲ, ಕಾಣಬಾರದ್ದು ಕಂಡಿತು

ಅರ್ಜಿ ತುಂಬುವುದನ್ನು ಕಲಿಸುವವರಿಗೆ ಇದು ಮುಖ್ಯ. ಜಿಲ್ಲೆ, ತಾಲ್ಲೂಕು ಆರಿಸುವ ಪಟ್ಟಿ ನೀವು ತೆರೆದಿದ್ದೀರಿ, ವಿಡಿಯೊದಲ್ಲಿ ಅದು ಕಾಣುವುದೇ ಇಲ್ಲ. ಟ್ಯಾಬ್ ಅಥವಾ ವಿಂಡೊ ಆರಿಸಿದಾಗ ಹೀಗಾಗುತ್ತದೆ, ಯಾಕೆಂದರೆ ಆ ಪಟ್ಟಿ ಪುಟದ ಹೊರಗೆ ಬೇರೆ ಪುಟ್ಟ ವಿಂಡೊ ಆಗಿ ತೆರೆದುಕೊಳ್ಳುತ್ತದೆ. ಇಡೀ ಪರದೆ ಆರಿಸಿದರೆ ಕಾಣುತ್ತದೆ. ಆದರೆ ಇಡೀ ಪರದೆ ಅಂದರೆ ಮೂಲೆಯಲ್ಲಿ ಹಾರುವ ಸಂದೇಶ, ಬುಕ್‌ಮಾರ್ಕ್, ಡೆಸ್ಕ್‌ಟಾಪ್ ಮೇಲಿನ ಗ್ರಾಹಕರ ಫೈಲ್ ಹೆಸರು ಎಲ್ಲವೂ. ಅದಕ್ಕೆ ರೆಕಾರ್ಡಿಂಗ್‌ಗೆಂದೇ ಬ್ರೌಸರ್‌ನಲ್ಲಿ ಬೇರೆ ಪ್ರೊಫೈಲ್ ಮಾಡಿಕೊಳ್ಳಿ. ಎಕ್ಸ್‌ಟೆನ್ಶನ್ ಇಲ್ಲ, ಉಳಿಸಿದ ಪಾಸ್‌ವರ್ಡ್ ಇಲ್ಲ, ಹಳೆಯ ಹುಡುಕಾಟದ ಸಲಹೆ ಇಲ್ಲ. ಡು ನಾಟ್ ಡಿಸ್ಟರ್ಬ್ ಆನ್ ಮಾಡಿ. ಹೊಸ ಪ್ರೊಫೈಲ್‌ನಿಂದ ಇನ್ನೊಂದು ಲಾಭ ಇದೆ: ಹಳೆಯದರಲ್ಲಿ ಬರುತ್ತಿದ್ದ ದೋಷ ಇಲ್ಲಿ ಬರದಿದ್ದರೆ ಕಾರಣ ಯಾವುದೋ ಎಕ್ಸ್‌ಟೆನ್ಶನ್ ಅಥವಾ ಹಳೆಯ ಅನುಮತಿ ಅಂತ ಕೂಡಲೇ ಗೊತ್ತಾಗುತ್ತದೆ.

ವಿಡಿಯೊದಲ್ಲಿ ಒಂದರೊಳಗೆ ಒಂದು ಅನಂತ ಕಿಟಕಿ ಕಂಡರೆ, ರೆಕಾರ್ಡರ್ ಟ್ಯಾಬ್ ತನ್ನನ್ನು ತಾನೇ ಹಿಡಿಯುತ್ತಿದೆ. ಮುನ್ನೋಟ ಆಫ್ ಮಾಡಿ ಅಥವಾ ಬೇರೆ ಟ್ಯಾಬ್ ಆರಿಸಿ.

ಇನ್ನೂ ಗೊತ್ತಾಗದಿದ್ದರೆ

ಎಫ್12 ಒತ್ತಿ ಕನ್ಸೋಲ್ ಭಾಗ ತೆರೆದು ಮತ್ತೊಮ್ಮೆ ಬಟನ್ ಒತ್ತಿ. ಕೆಂಪು ಅಕ್ಷರದಲ್ಲಿ ಮೂರರಲ್ಲಿ ಒಂದು ಹೆಸರು ಬರುವ ಸಾಧ್ಯತೆ ಜಾಸ್ತಿ. ನಾಟ್‌ಅಲೌಡ್‌ಎರರ್ ಬಂದರೆ ಅನುಮತಿ ನಿರಾಕರಣೆ: ನೀವೇ ಕ್ಯಾನ್ಸಲ್ ಒತ್ತಿದ್ದೀರಿ, ಇಲ್ಲವೇ ಬ್ರೌಸರ್ ಅಥವಾ ಸಿಸ್ಟಮ್ ತಡೆದಿದೆ. ನಾಟ್‌ಫೌಂಡ್‌ಎರರ್ ಅಂದರೆ ಕೇಳಿದ ಮೈಕ್ ಅಥವಾ ಕ್ಯಾಮೆರಾ ಸಿಗಲಿಲ್ಲ, ವೈರ್ ನೋಡಿ. ನಾಟ್‌ರೀಡಬಲ್‌ಎರರ್ ಅಂದರೆ ಅನುಮತಿ ಇದೆ, ಆದರೆ ಓದಲು ಆಗುತ್ತಿಲ್ಲ. ಹಿಂದೆ ತೆರೆದಿಟ್ಟ ಮೀಟಿಂಗ್ ಆ್ಯಪ್ ಮೈಕನ್ನೋ ಕ್ಯಾಮೆರಾವನ್ನೋ ಹಿಡಿದಿಟ್ಟಿರಬಹುದು. ಅದನ್ನು ಮುಚ್ಚಿ ನೋಡಿ.

ರೆಕಾರ್ಡರ್ ಮಾಡಿದವರಿಗೆ ಅಥವಾ ಗೊತ್ತಿರುವವರಿಗೆ ಕೇಳುವಾಗ "ವರ್ಕ್ ಆಗ್ತಿಲ್ಲ" ಅಂತಷ್ಟೇ ಬರೆಯಬೇಡಿ. ಬ್ರೌಸರ್ ಮತ್ತು ಅದರ ಆವೃತ್ತಿ, ವಿಂಡೋಸೋ ಮ್ಯಾಕೋ, ಟ್ಯಾಬ್, ವಿಂಡೊ, ಇಡೀ ಪರದೆ ಇವುಗಳಲ್ಲಿ ಯಾವುದು ಆರಿಸಿದಿರಿ, ಕ್ಯಾಮೆರಾ ಆನ್ ಇತ್ತಾ, ಕನ್ಸೋಲ್‌ನಲ್ಲಿ ಬಂದ ಹೆಸರು ಏನು, ಇಷ್ಟು ಬರೆಯಿರಿ. ದೋಷ ತೋರಿಸುವ ತುಣುಕು ಕಳಿಸುವುದಾದರೆ ಖಾಲಿ ಪುಟ ಅಥವಾ ಹವಾಮಾನದ ಪುಟ ತೆರೆದು ರೆಕಾರ್ಡ್ ಮಾಡಿ ಕಳಿಸಿ. ದೋಷ ಅಲ್ಲೂ ಕಾಣಿಸಿಕೊಂಡರೆ ಕೆಲಸದ ವಿಡಿಯೊ ಯಾರಿಗೂ ಕೊಡುವ ಅಗತ್ಯವೇ ಬರುವುದಿಲ್ಲ.